ಕ್ಯಾಮ್‌ಕಾರ್ಡರಿನ ಮೂಲಪ್ರತಿ: ನನ್ನದೊಂದು ತಕರಾರು



ಹಳೆಯ ನೆನಪುಗಳಿಗೆಂದೇ ಮೀಸಲಾದ ಈ ಪುಟದಲ್ಲಿ ಈ ಸಲ ಜಗಳಕ್ಕೆ ನಿಂತಿದ್ದೇನೆ. ನನ್ನ ತಕರಾರು ಮೊದಲನೆಯದಾಗಿ ನಮ್ಮ ಸುತ್ತಲಿನ ವಿಡಿಯೋ ಸ್ಟುಡಿಯೋಗಳ ಒಂದು ರೂಢಿಯ ಮೇಲೆ. ಎರಡನೆಯದಾಗಿ, ಬೇಸರಿಸಬಾರದು, ನಿಮ್ಮಲ್ಲಿಯೇ ಅನೇಕರ ಮೇಲೆ. ಹೈ ಡೆಫಿನಿಷನ್ ಕ್ಯಾಮ್‌ಕಾರ್ಡರಿನಲ್ಲಿ ಹಿಡಿದ ದೃಶ್ಯಾವಳಿಯನ್ನು ಸಂಕಲನದ ತಂತ್ರಾಂಶಕ್ಕೆ ಇಳಿಸಿಕೊಳ್ಳುವಾಗ, ಅನುಕೂಲದ ಹೆಸರಿನಲ್ಲಿ ಮೂಲವನ್ನೇ ಹಾಳುಗೆಡಹುವ ಕೆಲಸ ಹೆಚ್ಚುಕಡಿಮೆ ಇಪ್ಪತ್ತು ವರ್ಷಗಳಿಂದ ನಡೆದುಬಂದಿದೆ. ಇದನ್ನು ತಪ್ಪೆಂದು ಯಾರೂ ಎಣಿಸಿದಂತೆ ಕಾಣುವುದಿಲ್ಲ. ನಾನು ಎಣಿಸುತ್ತೇನೆ. ಕ್ಯಾಮೆರಾ ಬರೆದದ್ದನ್ನು ಅದು ಬರೆದ ರೂಪದಲ್ಲಿಯೇ, ಒಂದು ಕಡತವನ್ನೂ ಬಿಡದೆ ಮೊದಲು ಇಳಿಸಿ ಎರಡು ಕಡೆ ಭದ್ರವಾಗಿಡಬೇಕು. ಕತ್ತರಿ, ಪರಿವರ್ತನೆ, ಹಾಡು, ಹೂವಿನ ಚೌಕಟ್ಟು ಎಲ್ಲವೂ ಆಮೇಲೆ, ಅದೂ ಪ್ರತಿಯ ಮೇಲೆ. ಇಷ್ಟೇ ನನ್ನ ವಾದ.

ಗಣಿತ ಹೇಳಿಕೊಟ್ಟ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ಕೇಳುವವರಿಗೆ ನಮ್ಮೂರನ್ನೇ ಉತ್ತರವಾಗಿ ಒಡ್ಡುತ್ತೇನೆ. ಮಾಲೂರು ತಾಲ್ಲೂಕಿನ ನಮ್ಮ ಶಿವಾರಪಟ್ಟಣ ಶಿಲ್ಪಿಗಳ ಊರು. ವಿಶ್ವಕರ್ಮ ಮನೆತನಗಳು ತಲೆಮಾರುಗಳಿಂದ ಇಲ್ಲಿ ಕಲ್ಲಿನಲ್ಲಿ ಕಡೆದು, ಲೋಹದಲ್ಲಿ ಎರೆದು ದೇವರನ್ನು ಮಾಡುತ್ತ ಬಂದಿವೆ. ನನ್ನ ತರಗತಿಗೆ ಬರುತ್ತಿದ್ದ ಎಷ್ಟೋ ಹುಡುಗರ ಅಂಗೈಯಲ್ಲಿ ಹತ್ತನೆಯ ತರಗತಿಯ ಹೊತ್ತಿಗೇ ಚಾಣ ಹಿಡಿದ ದಡ್ಡು ಬಿದ್ದಿರುತ್ತಿತ್ತು. ಅನುಪಾತ ಎಂಬ ಪಾಠವನ್ನು ನಾನು ಕಪ್ಪು ಹಲಗೆಯ ಮೇಲೆ ಹೇಳುವ ಮೊದಲೇ ಅವರು ತಾಳಮಾನದ ಲೆಕ್ಕದಲ್ಲಿ ಮನೆಯಲ್ಲಿಯೇ ಕಲಿತಿರುತ್ತಿದ್ದರು. ಮುಖದ ಅಳತೆಯನ್ನು ಒಂದು ತಾಳವೆಂದು ಹಿಡಿದು ಇಡೀ ವಿಗ್ರಹವನ್ನು ಅದರ ಮಡಿಗಳಲ್ಲಿ ಎಣಿಸುವುದು ಅವರಿಗೆ ಉಸಿರಾಟದಷ್ಟು ಸಹಜವಾಗಿತ್ತು. ಈಗ ಊರಿನಲ್ಲಿ ಕಲ್ಲು ಕೊಯ್ಯುವ ಯಂತ್ರದ ಸದ್ದೇ ಹೆಚ್ಚು. ಯಂತ್ರವನ್ನು ನಾನು ದೂರುತ್ತಿಲ್ಲ. ಅದು ಶಿಲ್ಪಿಗಳ ಬೆನ್ನನ್ನೂ ಭುಜವನ್ನೂ ಉಳಿಸಿದೆ. ಆದರೆ ಯಂತ್ರಕ್ಕೆ ಮುಂಚಿನ ಕೈಗಳು ಹೇಗೆ ಕೆಲಸ ಮಾಡುತ್ತಿದ್ದವು ಎಂಬುದನ್ನು ಕಣ್ಣಾರೆ ನೋಡಬೇಕಾದರೆ, ಆ ಕೈಗಳು ಇದ್ದಾಗ ಹಿಡಿದ ಚಿತ್ರಗಳನ್ನೇ ಆಶ್ರಯಿಸಬೇಕು.

ಅಂಥ ಚಿತ್ರವೊಂದರ ಕಥೆ ಇದು. 2010ರ ಸುಮಾರಿಗೆ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು, ಆಗಲೇ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದವರು, ತಾವೇ ಹಣ ಕೂಡಿಸಿ ಒಂದು ಒಳ್ಳೆಯ ಕೆಲಸಕ್ಕೆ ತೊಡಗಿದರು. ಊರಿನ ಹಿರಿಯ ಶಿಲ್ಪಿಯೊಬ್ಬರು ವೇಣುಗೋಪಾಲನ ವಿಗ್ರಹವೊಂದನ್ನು ಕೃಷ್ಣಶಿಲೆಯಲ್ಲಿ ಕಡೆಯುತ್ತಿದ್ದರು. ಕಲ್ಲನ್ನು ಆರಿಸುವುದರಿಂದ ಹಿಡಿದು ನೇತ್ರೋನ್ಮೀಲನದವರೆಗೆ ಆ ಕೆಲಸವನ್ನು ಚಿತ್ರೀಕರಿಸಲು ಪಕ್ಕದ ಪಟ್ಟಣದ ಒಂದು ಸ್ಟುಡಿಯೋಗೆ ವಹಿಸಿದರು. ಸ್ಟುಡಿಯೋದವರು ಹೊಸ ಹೈ ಡೆಫಿನಿಷನ್ ಕ್ಯಾಮ್‌ಕಾರ್ಡರ್ ತಂದು ಎರಡು ಮೂರು ತಿಂಗಳಲ್ಲಿ ಹತ್ತು ಸಲ ಬಂದು ಹೋದರು. ಕೊನೆಗೆ ಕೈಗೆ ಬಂದದ್ದು ನಲವತ್ತು ನಿಮಿಷದ ಒಂದು ಡಿ.ವಿ.ಡಿ. ಹೊದಿಕೆಯ ಮೇಲೆ ನವಿಲುಗರಿ, ಒಳಗೆಲ್ಲ ಕೊಳಲು.

ಆ ಹಿರಿಯರು 2016ರಲ್ಲಿ ತೀರಿಕೊಂಡರು. ಅವರ ಮೊಮ್ಮಗ ಈಗ ಉಳಿ ಹಿಡಿದಿದ್ದಾನೆ. ಕಳೆದ ವರ್ಷ ಒಂದು ಸಂಜೆ ಅವನು ಬಂದು, "ಮೇಷ್ಟ್ರೇ, ನಮ್ಮ ತಾತ ಕಲ್ಲು ತಟ್ಟಿ ಕಿವಿಗೊಟ್ಟು ಕೇಳ್ತಿದ್ರಲ್ಲ, ಆ ಭಾಗ ಪೂರ್ತಿ ಎಲ್ಲಾದರೂ ಸಿಗುತ್ತಾ?" ಎಂದು ಕೇಳಿದ. ಇಬ್ಬರೂ ಕುಳಿತು ಡಿ.ವಿ.ಡಿ. ಹಾಕಿ ನೋಡಿದೆವು. ಆಚಾರ್ಯರು ಬಂಡೆಯ ಮುಂದೆ ಕುಳಿತಿದ್ದಾರೆ, ಸುತ್ತಿಗೆಯಿಂದ ಮೃದುವಾಗಿ ತಟ್ಟುತ್ತಾರೆ, ತಲೆ ಓರೆಮಾಡುತ್ತಾರೆ, ಮತ್ತೊಂದೆಡೆ ತಟ್ಟುತ್ತಾರೆ. ಕೇಳಿಬರುವುದು ಕೊಳಲು. ಶಿಲ್ಪಶಾಸ್ತ್ರವು ಪುರುಷಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ಕಲ್ಲನ್ನು ವಿಂಗಡಿಸುತ್ತದೆ. ಹಾಗೆ ಗುರುತಿಸುವ ಲಕ್ಷಣಗಳಲ್ಲಿ ತಟ್ಟಿದಾಗ ಹೊಮ್ಮುವ ನಾದವೂ ಒಂದು. ಒಳಗೆ ಸೀಳಿದೆಯೇ, ಗಟ್ಟಿಯಿದೆಯೇ ಎಂಬುದನ್ನೂ ಅದೇ ನಾದ ಹೇಳುತ್ತದೆ. ಆ ದೃಶ್ಯದಲ್ಲಿದ್ದ ವಿದ್ಯೆಯೆಲ್ಲ ಸದ್ದಿನಲ್ಲಿತ್ತು. ಅದನ್ನೇ ತೆಗೆದು, ಇಂಪಾಗಿರಲಿ ಎಂದು ಹಾಡು ತುಂಬಿದರು! ದೃಶ್ಯವೂ ನಾಲ್ಕೈದು ಏಟಿಗೆ ಮುಗಿದು, ಮುಂದಿನ ಕ್ಷಣಕ್ಕೆ ತಿರುಗುವ ಹೃದಯಾಕಾರದೊಳಗೆ ಇನ್ನೊಂದು ದೃಶ್ಯ ಬಂತು.

ಸ್ಟುಡಿಯೋಗೆ ಹೋಗಿ ಮೂಲವನ್ನು ಕೇಳಿದೆವು. ಮಾಲೀಕರು ಸಭ್ಯರೇ; ಕಾಫಿ ತರಿಸಿದರು. "ಅದೆಲ್ಲ ಆಗಲೇ ಅಳಿಸಿದ್ವಿ ಸಾರ್. ಮಾರನೇ ವಾರ ಮದುವೆ ಇತ್ತು, ಕಾರ್ಡು ಬೇಕಿತ್ತು" ಎಂದರು. ಹೇಳುವ ಧಾಟಿಯಲ್ಲಿ ಸಂಕೋಚವಿರಲಿಲ್ಲ, ಏಕೆಂದರೆ ಅವರ ವೃತ್ತಿಯಲ್ಲಿ ಎಲ್ಲರೂ ಮಾಡುತ್ತಿದ್ದುದು ಅದನ್ನೇ. ನನ್ನ ಸಿಟ್ಟು ಆ ಒಬ್ಬರ ಮೇಲಲ್ಲ, ಈ ಸಂಕೋಚವಿಲ್ಲದಿರುವಿಕೆಯ ಮೇಲೆ.

ಅವರ ಪಕ್ಷದ ಮಾತನ್ನೂ ಹೇಳಿಬಿಡುತ್ತೇನೆ. ತರಗತಿಯಲ್ಲಿ ತಪ್ಪು ಮಾಡಿದವನಿಗೂ ಮಾತನಾಡಲು ಬಿಡುತ್ತಿದ್ದವನು ನಾನು. ಎ.ವಿ.ಸಿ.ಎಚ್.ಡಿ. ಎಂಬ ವಿನ್ಯಾಸವನ್ನು ಸೋನಿ ಮತ್ತು ಪ್ಯಾನಾಸೋನಿಕ್ ಕಂಪನಿಗಳು ಸೇರಿ 2006ರಲ್ಲಿ ಪ್ರಕಟಿಸಿದವು. ದೃಶ್ಯವನ್ನು ಎಚ್.264 ಎಂಬ ವಿಧಾನದಲ್ಲಿ ಬಹಳ ಬಿಗಿಯಾಗಿ ಮಡಚಿ ಚಿಕ್ಕ ಕಾರ್ಡಿನಲ್ಲಿ ತುಂಬುವುದು ಅದರ ಜಾಣತನ. ಮಡಚಿದ್ದನ್ನು ಬಿಡಿಸಿ ತೋರಿಸುವುದೇ ಅಂದಿನ ಕಂಪ್ಯೂಟರುಗಳಿಗೆ ಏದುಸಿರಿನ ಕೆಲಸವಾಗಿತ್ತು. ಅಡೋಬಿ ಪ್ರೀಮಿಯರ್ 2008ರ ಸಿ.ಎಸ್.4 ಆವೃತ್ತಿಯಿಂದ ಈ ಕಡತಗಳನ್ನು ನೇರವಾಗಿ ಸ್ವೀಕರಿಸಿತಾದರೂ ಸಾಮಾನ್ಯ ಯಂತ್ರದಲ್ಲಿ ಚಿತ್ರ ತಡವರಿಸುತ್ತಿತ್ತು. ಆಪಲ್‌ನ ಐಮೂವಿಯಂತೂ ಇಳಿಸಿಕೊಳ್ಳುವಾಗಲೇ ಸಂಕಲನಕ್ಕೆ ಹಗುರವಾದ, ಜಾಗಕ್ಕೆ ಬಹಳ ಭಾರವಾದ ಬೇರೊಂದು ರೂಪಕ್ಕೆ ಬದಲಾಯಿಸಿಬಿಡುತ್ತಿತ್ತು. ಆದ್ದರಿಂದ ಸ್ಟುಡಿಯೋದವರು ಪರಿವರ್ತನೆಗೆ ಮೊರೆಹೋದರು. ಅದು ತಪ್ಪಲ್ಲ. ಕೆಲಸಕ್ಕೆಂದು ಒಂದು ಪ್ರತಿ ಮಾಡಿಕೊಳ್ಳುವುದು ಯಾವ ಕಾರ್ಖಾನೆಯಲ್ಲೂ ಇರುವುದೇ. ಆದರೆ ಕೆಲಸದ ಪ್ರತಿ ಸಿದ್ಧವಾಯಿತೆಂದು ಮೂಲವನ್ನು ಅಳಿಸುವುದು, ಅಂಕಪಟ್ಟಿ ಬರೆದಾಯಿತೆಂದು ಮರುಎಣಿಕೆಗೆ ಅವಕಾಶವಿಲ್ಲದಂತೆ ಉತ್ತರಪತ್ರಿಕೆಗಳನ್ನು ಒಲೆಗೆ ಹಾಕಿದಂತೆ.

ಕಳೆದುಕೊಂಡದ್ದು ಎಷ್ಟು ಎಂಬುದಕ್ಕೆ ಸ್ವಲ್ಪ ಲೆಕ್ಕ ಮಾಡೋಣ, ಹಳೆಯ ಚಾಳಿ. ಪೂರ್ಣ ಹೈ ಡೆಫಿನಿಷನ್ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು, ಗುಣಿಸಿದರೆ 20,73,600. ನಮ್ಮ ದೇಶದ ಪಾಲ್ ಪದ್ಧತಿಯ ಡಿ.ವಿ.ಡಿ.ಯಲ್ಲಿ 720 ಮತ್ತು 576, ಗುಣಿಸಿದರೆ 4,14,720. ಭಾಗಿಸಿ ನೋಡಿ, ಶೇಷವಿಲ್ಲದೆ ಐದು ಬರುತ್ತದೆ. ಎಂದರೆ ಐದು ಚುಕ್ಕಿಗಳಲ್ಲಿ ನಾಲ್ಕನ್ನು ಎಸೆದು ಒಂದನ್ನು ನಮಗೆ ಕೊಟ್ಟರು. ಚಾಣದ ಮೊನೆ ಕಲ್ಲಿಗೆ ಎಷ್ಟು ಓರೆಯಾಗಿ ತಾಗುತ್ತಿದೆ ಎಂಬುದು ಆ ನಾಲ್ಕರಲ್ಲಿತ್ತು.

ಇಷ್ಟೇ ಆಗಿದ್ದರೆ ಚಿತ್ರ ಮಸುಕಾಯಿತು ಎಂದು ಸುಮ್ಮನಾಗಬಹುದಿತ್ತು. ಕಾಲದ ಲೆಕ್ಕ ಇದಕ್ಕಿಂತ ದೊಡ್ಡದು. ಅಂದಿನ ಕ್ಯಾಮ್‌ಕಾರ್ಡರುಗಳು ಬಹುಪಾಲು ಹೆಣೆದ ಚಿತ್ರವನ್ನು ಬರೆಯುತ್ತಿದ್ದವು: ಬೆಸ ಗೆರೆಗಳು ಒಂದು ಕ್ಷಣದವು, ಸಮ ಗೆರೆಗಳು ಅದರ ಮುಂದಿನ ಕ್ಷಣದವು. ನಮ್ಮ ಪದ್ಧತಿಯಲ್ಲಿ ಸೆಕೆಂಡಿಗೆ ಇಂಥ 50 ಕ್ಷಣಗಳು, ಎರಡೆರಡು ಸೇರಿ 25 ಚೌಕಟ್ಟುಗಳು. ಇಳಿಸಿಕೊಳ್ಳುವಾಗ ಯಾವುದೋ ಉಚಿತ ಪರಿವರ್ತಕಕ್ಕೆ ಕೊಟ್ಟರೆ ಅದು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತದೆ. ಒಂದೋ 50ರಲ್ಲಿ 25 ಕ್ಷಣಗಳನ್ನು ಎಸೆಯುತ್ತದೆ. ಇಲ್ಲವೇ ಎರಡು ಕ್ಷಣಗಳನ್ನು ಕಲಸಿ ಬಾಚಣಿಗೆಯ ಹಲ್ಲಿನಂಥ ಗೆರೆಗಳನ್ನು ಶಾಶ್ವತವಾಗಿ ಅಚ್ಚೊತ್ತುತ್ತದೆ. ಮದುವೆಯಲ್ಲಿ ಅಕ್ಷತೆ ಹಾಕುವ ದೃಶ್ಯಕ್ಕೆ ಇದರಿಂದ ಅಷ್ಟೇನೂ ನಷ್ಟವಿಲ್ಲ. ಸುತ್ತಿಗೆಯ ಏಟಿಗೆ ಇದೆ. ಏಟು ಬೀಳುವ ಮುನ್ನ ಮಣಿಕಟ್ಟು ಸಡಿಲಾಗುತ್ತದಲ್ಲ, ಬಿದ್ದೊಡನೆ ಚಾಣವನ್ನು ಬೆರಳು ಕಿಂಚಿತ್ತು ಹೊರಳಿಸುತ್ತದಲ್ಲ, ಅದು ಆ ಎರಡು ಕ್ಷಣಗಳ ನಡುವಿನ ವ್ಯಾಪಾರ. ಮೂಲ ಉಳಿದಿದ್ದರೆ ಇಂದಿನ ತಂತ್ರಾಂಶದಲ್ಲಿ 50 ಕ್ಷಣಗಳನ್ನೂ ಬಿಡಿಸಿ, ನಿಧಾನಗೊಳಿಸಿ ನೋಡಬಹುದಿತ್ತು. ಕಲಸಿಟ್ಟದ್ದನ್ನು ಬಿಡಿಸುವ ಉಪಾಯ ಅಷ್ಟು ಸುಲಭವಲ್ಲ. ಎಸೆದುಬಿಟ್ಟದ್ದಕ್ಕೆ ಉಪಾಯವೇ ಇಲ್ಲ.

ಇನ್ನು ನಿಮ್ಮ ಸರದಿ. ಮನೆಯಲ್ಲಿಯೇ ಕ್ಯಾಮ್‌ಕಾರ್ಡರ್ ಕೊಂಡವರು, ಮಗುವಿನ ನಾಮಕರಣ, ಅಜ್ಜಿಯ ಮಾತು, ಊರಹಬ್ಬ ಎಲ್ಲವನ್ನೂ ಹಿಡಿದವರು, ನೀವು ಮಾಡಿದ್ದೇನು? ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಿರಿ. ‘ಪ್ರೈವೇಟ್’, ಅದರೊಳಗೆ ‘ಎ.ವಿ.ಸಿ.ಎಚ್.ಡಿ.’, ಅದರೊಳಗೆ ‘ಬಿ.ಡಿ.ಎಂ.ವಿ.’, ಅದರೊಳಗೆ ‘ಸ್ಟ್ರೀಮ್’ ಎಂದು ಕೋಣೆಯೊಳಗೆ ಕೋಣೆ ತೆರೆಯುತ್ತ ಹೋಗಿ, ಕೊನೆಯಲ್ಲಿದ್ದ ‘ಎಂ.ಟಿ.ಎಸ್.’ ಕಡತಗಳನ್ನಷ್ಟೇ ಎಳೆದುಕೊಂಡು, ಉಳಿದದ್ದು ಕಸವೆಂದು ಕಾರ್ಡು ಫಾರ್ಮ್ಯಾಟ್ ಮಾಡಿದಿರಿ. ಉಳಿದದ್ದು ಕಸವಲ್ಲ. ಮೌಲ್ಯಮಾಪನ ಕೇಂದ್ರಕ್ಕೆ ಬರುವ ಕಟ್ಟಿನಲ್ಲಿ ಉತ್ತರಪತ್ರಿಕೆಗಳ ಜೊತೆಗೆ ಯಾವ ಪತ್ರಿಕೆ ಯಾರದು, ಎಷ್ಟು ಹಾಳೆ ಎಂದು ಹೇಳುವ ಪಟ್ಟಿಯೂ ಇರುತ್ತದೆ, ಇಲ್ಲಿಯೂ ಹಾಗೆಯೇ. ಈ ಕಾರ್ಡುಗಳಲ್ಲಿ ಬಹಳಷ್ಟು ಬಳಸುತ್ತಿದ್ದ ಫ್ಯಾಟ್32 ಎಂಬ ಏರ್ಪಾಡಿನಲ್ಲಿ ಒಂದು ಕಡತ 4 ಜಿ.ಬಿ. ಮೀರುವಂತಿಲ್ಲ. ಆದ್ದರಿಂದ ಉದ್ದನೆಯ ಚಿತ್ರೀಕರಣವನ್ನು ಕ್ಯಾಮೆರಾ ತಾನೇ ತುಂಡರಿಸಿ ಬರೆಯುತ್ತದೆ. ಯಾವ ತುಂಡಿಗೆ ಯಾವ ತುಂಡು ಎಂಬ ಸಂಬಂಧ ಪಕ್ಕದ ಕೋಣೆಗಳ ಪುಟ್ಟ ಕಡತಗಳಲ್ಲಿರುತ್ತದೆ. ಇಡೀ ಕಟ್ಟನ್ನು ಕೊಟ್ಟರೆ ಅದನ್ನು ಓದಬಲ್ಲ ತಂತ್ರಾಂಶ ತುಂಡುಗಳನ್ನು ಬೆಸೆದುಕೊಳ್ಳುತ್ತದೆ. ಬಿಡಿ ಕಡತಗಳನ್ನು ಕೊಟ್ಟರೆ ಬೆಸುಗೆಯಲ್ಲಿ ಚಿತ್ರ ಕುಪ್ಪಳಿಸುತ್ತದೆ, ಮಾತು ಅರ್ಧಾಕ್ಷರ ನುಂಗುತ್ತದೆ.

ಇನ್ನೂ ಒಂದು ಅಪಾಯವಿದೆ. ಫಾರ್ಮ್ಯಾಟ್ ಮಾಡಿದ ಮೇಲೆ ಅನೇಕ ಕ್ಯಾಮೆರಾಗಳು ಮತ್ತೆ 00000 ಎಂಬ ಸಂಖ್ಯೆಯಿಂದಲೇ ಎಣಿಕೆ ಶುರುಮಾಡುತ್ತವೆ. ಎರಡನೆಯ ಸಲದ ಕಾರ್ಡನ್ನು ಅದೇ ಕಡತಕೋಶಕ್ಕೆ ಸುರಿದು, "ಬದಲಾಯಿಸಲೇ?" ಎಂದು ಕಂಪ್ಯೂಟರ್ ಕೇಳಿದಾಗ ಓದದೆ ಹೌದು ಎಂದವರು ನನಗೆ ಕನಿಷ್ಠ ಮೂವರು ಗೊತ್ತು. ಒಬ್ಬಾಕೆ ತನ್ನ ಮಗನ ಚೌಲದ ಮೇಲೆ ತಂಗಿಯ ಸೀಮಂತವನ್ನು ಹೀಗೆ ಬರೆದುಕೊಂಡಳು. ದಿನಕ್ಕೊಂದು, ಕಾರ್ಡಿಗೊಂದು ಕಡತಕೋಶ ಮಾಡಿ ದಿನಾಂಕ ಬರೆಯಿರಿ. ಅರ್ಧ ನಿಮಿಷದ ಕೆಲಸ. ಅಂದಹಾಗೆ ಚಿತ್ರ ಹಿಡಿದ ದಿನ, ಗಂಟೆ, ನಿಮಿಷಗಳನ್ನು ಕ್ಯಾಮೆರಾ ಆ ಮೂಲ ಕಡತದೊಳಗೇ ಹುದುಗಿಸಿಟ್ಟಿರುತ್ತದೆ. ಪರಿವರ್ತಿಸಿದ ಎಂ.ಪಿ.4 ಕಡತದಲ್ಲಿ ಸಾಮಾನ್ಯವಾಗಿ ಸಿಗುವುದು ನೀವು ಪರಿವರ್ತಿಸಿದ ದಿನಾಂಕ. ಅಜ್ಜಿ ಮಾತನಾಡಿದ್ದು ಎಂದು ಎಂಬುದಕ್ಕೆ ಸಾಕ್ಷಿ ಬೇಕಾದಾಗ ಇದು ತಿಳಿಯುತ್ತದೆ.

ಕಾರ್ಡಿನವರದು ಸಲೀಸು, ಓದುವ ಸಾಧನ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ನನಗೆ ನಿಜವಾಗಿ ನಿದ್ದೆಗೆಡಿಸಿರುವುದು ಟೇಪುಗಳು. ಎ.ವಿ.ಸಿ.ಎಚ್.ಡಿ.ಗೆ ಮುಂಚೆ, 2003ರಲ್ಲಿ, ಎಚ್.ಡಿ.ವಿ. ಎಂಬ ವಿನ್ಯಾಸ ಬಂತು. ಪುಟ್ಟ ಮಿನಿ ಡಿ.ವಿ. ಕ್ಯಾಸೆಟ್ಟಿನಲ್ಲಿಯೇ ಹೈ ಡೆಫಿನಿಷನ್ ಚಿತ್ರ. ಅದನ್ನು ಕಂಪ್ಯೂಟರಿಗೆ ಇಳಿಸುವ ದಾರಿ ಫೈರ್‌ವೈರ್ ಎಂಬ ತಂತಿ. ಸೋನಿಯವರು ಅದನ್ನೇ ಐ.ಲಿಂಕ್ ಎಂದು ಕರೆದರು. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು, ಸುಮಾರು 11 ಜಿ.ಬಿ. ಜಾಗ ಹಿಡಿಯುತ್ತದೆ. ಇಲ್ಲೊಂದು ಬಲೆಯಿದೆ. ಸೋನಿ ಕ್ಯಾಮೆರಾಗಳ ಮೆನುವಿನಲ್ಲಿ ‘ಐ.ಲಿಂಕ್ ಕನ್ವ’ ಎಂಬ ಆಯ್ಕೆ ಇರುತ್ತದೆ. ಅದು ಚಾಲೂ ಇದ್ದರೆ ಟೇಪಿನಲ್ಲಿರುವ ಹೈ ಡೆಫಿನಿಷನ್ ಚಿತ್ರ ತಂತಿಯಲ್ಲಿ ಹೊರಬರುವಾಗಲೇ ಹಳೆಯ ಡಿ.ವಿ. ಗಾತ್ರಕ್ಕೆ ಕುಗ್ಗುತ್ತದೆ. ಅಂದಿನ ಕಂಪ್ಯೂಟರುಗಳಿಗೆ ಹಗುರವೆಂದು ಎಷ್ಟೋ ಜನ ಹಾಗೆಯೇ ಇಳಿಸಿದರು. ಅಂಥವರ ಟೇಪು ಇನ್ನೂ ಬೀರುವಿನಲ್ಲಿದ್ದರೆ ಅದೃಷ್ಟ, ಮತ್ತೆ ಇಳಿಸಬಹುದು. ಆದರೆ ಎಷ್ಟು ದಿನ? ಎಚ್.ಡಿ.ವಿ. ಕ್ಯಾಮೆರಾಗಳ ತಯಾರಿಕೆ ನಿಂತು ವರ್ಷಗಳಾದವು. ಹೊಸ ಕಂಪ್ಯೂಟರುಗಳಲ್ಲಿ ಫೈರ್‌ವೈರ್ ಕಿಂಡಿಯಿಲ್ಲ. ಆಪಲ್ ಸಂಸ್ಥೆ 2025ರಲ್ಲಿ ಹೊರತಂದ ಮ್ಯಾಕ್‌ಓಎಸ್ ಟಾಹೋದಿಂದ ಅದರ ಬೆಂಬಲವನ್ನೇ ಕಿತ್ತುಹಾಕಿದೆ. ಇತ್ತ ಟೇಪಿಗೆ ಬೂಷ್ಟು ಹಿಡಿಯುತ್ತಿದೆ. ಈ ವಿನ್ಯಾಸದಲ್ಲಿ ಹನ್ನೆರಡು ಚೌಕಟ್ಟುಗಳು ಒಂದನ್ನೊಂದು ಆಶ್ರಯಿಸಿ ನಿಲ್ಲುವುದರಿಂದ ಟೇಪಿನ ಒಂದು ಸಣ್ಣ ಕಲೆ ಅರ್ಧ ಸೆಕೆಂಡಿನಷ್ಟು ಚಿತ್ರವನ್ನು ನುಂಗಬಲ್ಲದು.

ಮೂಲವನ್ನು ಅಳಿಸುವುದು ಬಡ ಸ್ಟುಡಿಯೋಗಳ ಚಾಳಿ ಮಾತ್ರವೆಂದುಕೊಳ್ಳಬೇಡಿ. 1969ರ ಜುಲೈಯಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಅಲ್ಲಿಂದ ಬಂದ ಚಿತ್ರ ಮಾಮೂಲಿ ಟಿ.ವಿ.ಗೆ ಒಗ್ಗದ ವಿಶೇಷ ರೂಪದಲ್ಲಿತ್ತು. ಭೂಮಿಯ ಕೇಂದ್ರಗಳಲ್ಲಿ ಅದನ್ನೊಂದು ಪರದೆಯ ಮೇಲೆ ಮೂಡಿಸಿ, ಆ ಪರದೆಗೆ ಟಿ.ವಿ. ಕ್ಯಾಮೆರಾ ಹಿಡಿದು ಪ್ರಸಾರ ಮಾಡಿದರು. ಜಗತ್ತು ನೋಡಿದ್ದು ಆ ಪರಿವರ್ತಿತ ಮಸುಕು ಚಿತ್ರವನ್ನು. ಮೂಲವನ್ನು ದಾಖಲಿಸಿದ್ದ ಟೇಪುಗಳನ್ನು ಬಹುಮಟ್ಟಿಗೆ ಅಳಿಸಿ ಮರುಬಳಕೆ ಮಾಡಿರಬೇಕೆಂದು ನಾಸಾ ಸಂಸ್ಥೆಯೇ 2009ರಲ್ಲಿ ಒಪ್ಪಿಕೊಂಡಿತು. ಅವರಿಗೂ ಟೇಪಿನ ಅಭಾವ! ನಮ್ಮಲ್ಲಿ ನೋಡಿದರೆ, 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿ ಇಂದು ನೋಡಲು ಸಿಗುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿ ಬೆಳೆಸಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವನ್ನು ನೆನೆಯುತ್ತೇನೆ. ಧ್ವನಿಮುದ್ರಣವನ್ನೂ ವಿಡಿಯೋವನ್ನೂ ಸಂಗ್ರಹವೆಂದು ಕಾಣಬೇಕೆಂಬ ವಿವೇಕ ಅವರಿಗೆ ಅಷ್ಟು ಹಿಂದೆಯೇ ಇತ್ತು. ನಮ್ಮ ಸೀಮೆಯ ಉಳಿ ಸುತ್ತಿಗೆಗೆ ಅಂಥ ಭಾಗ್ಯ ಬೇಡವೇ?

ನಿಮ್ಮ ಆಕ್ಷೇಪಗಳು ನನಗೆ ಗೊತ್ತು. "ಯೂಟ್ಯೂಬಿನಲ್ಲಿ ಹಾಕಿದ್ದೀನಿ ಸಾರ್, ಎಲ್ಲೂ ಹೋಗಲ್ಲ." ಅಲ್ಲಿಗೆ ಏರಿಸಿದ್ದನ್ನು ಅವರು ತಮ್ಮ ಅನುಕೂಲಕ್ಕೆ ಮತ್ತೆ ಸಂಕುಚಿಸುತ್ತಾರೆ, ನಾಳೆ ಇಳಿಸಿಕೊಂಡರೆ ಸಿಗುವುದು ನೀವು ಏರಿಸಿದ್ದಲ್ಲ. ವಾಟ್ಸಾಪಿನ ಮಾತು ಬೇಡ. "ಜಾಗ ಸಾಲಲ್ಲ ಸಾರ್." 24 ಮೆಗಾಬಿಟ್ ವೇಗದ ಚಿತ್ರೀಕರಣ ಗಂಟೆಗೆ 10.8 ಜಿ.ಬಿ. ಹಿಡಿಯುತ್ತದೆ. ಒಂದು ಟಿ.ಬಿ. ಡಿಸ್ಕಿನಲ್ಲಿ ತೊಂಬತ್ತು ಗಂಟೆ ಹಿಡಿಸುತ್ತದೆ. ಮಗಳ ಮದುವೆಯ ಊಟದ ಎಲೆಗೆ ಖರ್ಚು ಮಾಡಿದವರು ಎರಡು ಡಿಸ್ಕು ಕೊಳ್ಳಲಾರಿರೇ? "ನನ್ನ ತಂತ್ರಾಂಶ ಒಪ್ಪಲ್ಲ ಸಾರ್." ಉಚಿತವಾಗಿ ಸಿಗುವ ಕೆಡೆನ್‌ಲೈವ್, ಶಾಟ್‌ಕಟ್ ಎರಡೂ ಎಂ.ಟಿ.ಎಸ್. ಕಡತಗಳನ್ನು ಧ್ವನಿಸಹಿತ ತೆರೆಯುತ್ತವೆ. ಯಂತ್ರ ತಡವರಿಸಿದರೆ ‘ಪ್ರಾಕ್ಸಿ’ ಎಂಬ ಏರ್ಪಾಡಿದೆ: ಹಗುರ ಪ್ರತಿಯ ಮೇಲೆ ಕೆಲಸ, ಕೊನೆಯ ಅಚ್ಚು ಮೂಲದಿಂದ. ಇನ್ನು ಕೆಲವು ತಂತ್ರಾಂಶಗಳಲ್ಲಿ ಚಿತ್ರ ಬಂದು ಧ್ವನಿ ಬರದಿದ್ದರೆ, ಧ್ವನಿ ಡಾಲ್ಬಿ ಎ.ಸಿ.3 ರೂಪದಲ್ಲಿರುವುದೇ ಅದಕ್ಕೆ ಕಾರಣವಿರಬಹುದು. ಆಗ ಎಫ್.ಎಫ್.ಎಂಪೆಗ್ ಎಂಬ ಸಾಧನದಿಂದ ಧ್ವನಿಯನ್ನಷ್ಟೇ ಬೇರೆ ರೂಪಕ್ಕೆ ತಿರುಗಿಸಿ, ಚಿತ್ರವನ್ನು ಮುಟ್ಟದೆ ಬೇರೆ ಹೊದಿಕೆಗೆ ಹಾಕಬಹುದು. ಅಡುಗೆ ಅದೇ, ಡಬ್ಬಿ ಮಾತ್ರ ಬೇರೆ. ಧ್ವನಿ ಬರಲಿಲ್ಲವೆಂದು ಕೊಳಲು ತುಂಬುವ ಅಗತ್ಯವಿಲ್ಲ.

ಊರಿನ ಶಿಲ್ಪಿಯೊಬ್ಬರು ಎತ್ತಿದ ಆಕ್ಷೇಪ ಮಾತ್ರ ಗಂಭೀರವಾದದ್ದು. "ಮೇಷ್ಟ್ರೇ, ವಿದ್ಯೆ ಗುರುವಿನ ಪಕ್ಕ ಕೂತು ಬರಬೇಕು, ಪರದೆ ನೋಡಿ ಯಾರೂ ಶಿಲ್ಪಿ ಆಗಲ್ಲ" ಎಂದರು. ಒಪ್ಪುತ್ತೇನೆ. ಆದರೆ ಆ ಮೊಮ್ಮಗ ಪರದೆಯಿಂದ ಶಿಲ್ಪ ಕಲಿಯಲು ಬಂದಿರಲಿಲ್ಲ. ಕಲಿತಾದ ಮೇಲೆ, ತನ್ನ ಕೈ ತಾತನ ಕೈಯಿಂದ ಎಲ್ಲಿ ಬೇರೆಯಾಗಿದೆ ಎಂದು ನೋಡಿಕೊಳ್ಳಲು ಬಂದಿದ್ದ. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠಾಪನೆಗೊಂಡ ಬಾಲರಾಮನನ್ನು ಮೈಸೂರಿನ ಅರುಣ್ ಯೋಗಿರಾಜರು ಕೃಷ್ಣಶಿಲೆಯಲ್ಲಿ ಕಡೆದ ಮೇಲೆ ನಮ್ಮೂರಿಗೂ ಫೋನು ಹಿಡಿದು ಬರುವವರು ಹೆಚ್ಚಿದ್ದಾರೆ. ಸಂತೋಷ. ಅವರು ಇಂದಿನವರನ್ನು ಹಿಡಿಯಬಲ್ಲರು. 2010ರಲ್ಲಿ ಎಪ್ಪತ್ತು ದಾಟಿದ್ದವರನ್ನು ಹಿಡಿದದ್ದು ನಿಮ್ಮ ಬೀರುವಿನಲ್ಲಿರುವ ಆ ಹಳೆಯ ಕಾರ್ಡು, ಟೇಪುಗಳು ಮಾತ್ರ.

ಆದ್ದರಿಂದ ನೇರವಾಗಿ ಕೇಳುತ್ತೇನೆ. ಆ ವೇಣುಗೋಪಾಲನ ಕೆಲಸ ನಡೆದಾಗ ಸ್ಟುಡಿಯೋದವರ ಪಕ್ಕದಲ್ಲಿ ತಮ್ಮದೇ ಕ್ಯಾಮ್‌ಕಾರ್ಡರ್ ಹಿಡಿದು ನಿಂತಿದ್ದ ಇಬ್ಬರು ನನಗೆ ನೆನಪಿದ್ದಾರೆ. ಅವರಲ್ಲೊಬ್ಬರು ಈಗ ಹೊರದೇಶದಲ್ಲಿದ್ದಾರೆ, ಈ ಪುಟವನ್ನು ಓದುತ್ತಾರೆ ಎಂದು ಬಲ್ಲೆ. ನಿಮ್ಮ ಕಾರ್ಡು ಇದ್ದರೆ ಅದರ ಪಕ್ಕದ ಪುಟ್ಟ ಲಾಕನ್ನು ಮೊದಲು ಎಳೆಯಿರಿ. ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳಿದರೆ ಬೇಡ ಎನ್ನಿ. ಏನನ್ನೂ ಆರಿಸದೆ, ಹೆಸರು ಬದಲಿಸದೆ ಇಡೀ ಕಾರ್ಡನ್ನು ನಕಲು ಮಾಡಿ ಡಿಸ್ಕಿನಲ್ಲಿ ಕಳುಹಿಸಿ. ಟೇಪು ಇರುವವರು ಹಬ್ಬಕ್ಕೆ ಊರಿಗೆ ಬರುವಾಗ ತನ್ನಿ. ಫೈರ್‌ವೈರ್ ಕಿಂಡಿಯಿರುವ ಹಳೆಯ ಕಂಪ್ಯೂಟರೊಂದನ್ನು ಗುಜರಿಗೆ ಹಾಕದೆ ನಡೆಸಿಕೊಂಡು ಬಂದಿದ್ದೇನೆ. ನನ್ನ ಬಳಿ ಇರುವ ಕ್ಯಾಮೆರಾದ ಹೆಡ್ಡು ಸವೆದಿದೆ, ಆದ್ದರಿಂದ ಟೇಪು ಹಿಡಿದ ಕ್ಯಾಮೆರಾ ಇನ್ನೂ ಇದ್ದರೆ ಅದನ್ನೂ ತನ್ನಿ. ಚಾರ್ಜರ್ ಮರೆಯಬೇಡಿ.